ಅವರೆಕಾಳಿನಷ್ಟು ಗಂಟು

ಮೊನ್ನೆ ಹೆಂಡತಿ ರಾಗಿ ಬೀಸಿಸಿಕೊಂಡು ಬಂದು ಚೀಲವನ್ನು ನನ್ನ ಕಾಲ ಬಳಿಯೇ ಇಟ್ಟು ಒಳಗೆ ಹೋದಳು. ಇನ್ನೂ ಬಿಸಿ ಆರದ ಹಿಟ್ಟು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪೇಪರು ಓದುತ್ತಿದ್ದವನು ಹಾಗೇ ಕೂತುಬಿಟ್ಟೆ. ಕಲ್ಲಿನ ಕಾವಿಗೆ ಹುರಿದಂತಾದ ರಾಗಿಯ ಕಂಪು, ಅದರ ಹಿಂದೆಯೇ ಒಂಚೂರು ಕಾದ ಬೆಲ್ಟಿನ ವಾಸನೆ... ಗುಂಡ್ಲುಪೇಟೆಯ ಆ ಹಿಟ್ಟಿನ ಮಿಲ್ಲು, ಅದರ ಬಾಗಿಲಲ್ಲಿ ಮೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿರುತ್ತಿದ್ದ ಮಿಲ್ಲಿನ ಅಮ್ಮ, ಎಲ್ಲ ಒಟ್ಟಿಗೇ ಎದ್ದು ಬಂದವು. ನೀರು ಕೊಡಲು ಬಂದ ಹೆಂಡತಿ ನನ್ನ ಮುಖ ನೋಡಿ, "ಇದೇನು, ಹಿಟ್ ನೋಡ್ಕಂಡು ಅಳ್ತಾ ಕೂತಿದೀರಲ್ಲ?" ಎಂದಳು. ಕಣ್ಣಿಗೆ ಹಿಟ್ಟು ಬಿತ್ತು ಎಂದೆ. ನಂಬಲಿಲ್ಲ, ಬಿಡಿ.

ನಾನು ಬಸ್ ಕಂಡಕ್ಟರು. ಈಗ ಚಾಮರಾಜನಗರದ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಂಡ್ಲುಪೇಟೆಗೆ ಹಾಕಿದ್ದರು. ನಮ್ಮೂರು ಚಂದಕವಾಡಿಯ ಹತ್ತಿರ; ದಿನಾ ಹೋಗಿ ಬರುವುದಕ್ಕೆ ಆಗುವುದಿಲ್ಲವೆಂದು ಅಲ್ಲೇ ಒಂದು ರೂಮು ಹಿಡಿದೆ. ರೂಮು ಎಂದರೆ ಮಿಲ್ಲಿನ ಹಿಂಭಾಗದಲ್ಲಿ ಹಿಂದೆ ಹತ್ತಿ ತುಂಬುತ್ತಿದ್ದ ಒಂದು ಕೋಣೆ. ಮಿಲ್ಲು ಓಡಿದರೆ ಮಂಚ ನಡುಗುತ್ತಿತ್ತು. ಎರಡು ದಿನ ಗೊಣಗಿದೆ, ಮೂರನೇ ದಿನದಿಂದ ಆ ಸದ್ದಿಲ್ಲದಿದ್ದರೆ ನಿದ್ದೆಯೇ ಬರುತ್ತಿರಲಿಲ್ಲ.

ಮಿಲ್ಲನ್ನು ನಡೆಸುತ್ತಿದ್ದವರು ಆ ಅಮ್ಮ. ಯಜಮಾನರು ತೀರಿಕೊಂಡ ಮೇಲೆ ಮೈದುನಂದಿರು ಮಾರಿಬಿಡಿ ಎಂದರಂತೆ, ಇವರು ಕಿವಿಗೇ ಹಾಕಿಕೊಳ್ಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ನಿಂತುಬಿಟ್ಟರಂತೆ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ಅದು ವಿಭೂತಿಯೋ ಹಿಟ್ಟೋ ಹೇಳುವುದಕ್ಕೆ ಆಗುತ್ತಿರಲಿಲ್ಲ. ಮಕ್ಕಳಿಲ್ಲ ಎಂದು ಬೀದಿಯವರು ಹೇಳಿದ್ದರು. ಡ್ಯೂಟಿ ಮುಗಿಸಿ ಬಂದರೆ, "ಏನ್ ಮಗ, ಉಂಡ್ಯಾ?" ಎನ್ನುವ ಮಾತು ಮೊದಲು, ಆಮೇಲೆ ಉಳಿದದ್ದು. ಉಂಡೆ ಎಂದರೂ ಒಂದು ಮುದ್ದೆ, ಸೊಪ್ಪಿನ ಸಾರು ಬರುತ್ತಿತ್ತು. ಬಸ್ಸಿನಲ್ಲಿ ಇಡೀ ದಿನ ಜನರ ಮೇಲೆ ರೇಗಾಡಿ ಬಂದವನು ಅವರ ಮುಂದೆ ಬಾಲ ಮುದುರಿಕೊಂಡು ಉಣ್ಣುತ್ತಿದ್ದೆ.

ಆ ಮನೆಯಲ್ಲಿ ಬೆಕ್ಕೊಂದಿತ್ತು. ರಾತ್ರಿ ಬಂಡೀಪುರದ ಗೇಟು ಮುಚ್ಚುವ ಮೊದಲು ಕಾಡು ದಾಟಬೇಕೆಂದು ಕೇರಳದ ಲಾರಿಗಳು ಓಡಾಡುತ್ತಿರುತ್ತವಲ್ಲ, ಅಂಥ ಒಂದು ಲಾರಿಯಿಂದ ಬಾಳೆಗೊನೆಗಳ ನಡುವಿಂದ ಹಾರಿ ಬಂದ ಹೆಣ್ಣು ಬೆಕ್ಕು. ಬಿಳಿ ಮೈಗೆ ಅಲ್ಲಲ್ಲಿ ಬೂದು ಮಚ್ಚೆ. "ಬಂದ್ ಹೊಸ್ದ್ರಲ್ಲಿ ಪಾಪ ಕನ್ನಡನೇ ತಿಳೀತಿರ್ಲಿಲ್ಲ ಕಣ ಅದ್ಕೆ" ಎಂದು ಅಮ್ಮ ನಗದೇ ಹೇಳುತ್ತಿದ್ದರು. ಅದನ್ನು "ಕೂಸೇ" ಎಂದು ಕರೆಯುತ್ತಿದ್ದರು, ಬೇರೆ ಹೆಸರಿಟ್ಟಿರಲಿಲ್ಲ. ಅವರು ಮಾಂಸ ಮುಟ್ಟದ ಮನೆಯವರು, ಆದರೆ ಬೆಕ್ಕು ಇಲಿ ಕಚ್ಚಿಕೊಂಡು ಬಂದಾಗ ಮಾತ್ರ ಆ ಕಡೆ ತಿರುಗಿ ನಿಂತು, "ಅದ್ರ ಒಟ್ಟೆಪಾಡು ಅದು" ಎನ್ನುತ್ತಿದ್ದರು.

ಬೀಸಿಸಲು ಬಂದ ಹೆಂಗಸರು ಚೀಲ, ಡಬ್ಬ ಸಾಲಾಗಿ ಇಟ್ಟು ಹೋಗುತ್ತಿದ್ದರು. ಬೆಕ್ಕು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಮೇಲೆ ಮಲಗಿಬಿಡುತ್ತಿತ್ತು. ಆ ಮಿಲ್ಲಿನ ಕಟ್ಟುಪಾಡು ಏನೆಂದರೆ, ಬೆಕ್ಕು ತಾನಾಗಿ ಏಳುವ ತನಕ ಆ ಚೀಲವನ್ನು ಎತ್ತುವ ಹಾಗಿಲ್ಲ. ಹಿಂದಿನವರ ಪಾಳಿ ಮುಂದಕ್ಕೆ ಬರುತ್ತಿತ್ತು. ಮುದ್ದೆಗೆ ಎಸರಿಟ್ಟು ಬಂದವಳ ಚೀಲದ ಮೇಲೆಯೇ ಮಲಗಿದರಂತೂ ಮುಗಿಯಿತು! ಆದರೂ ಯಾರೂ ಜಗಳ ಮಾಡುತ್ತಿರಲಿಲ್ಲ. ಬೆಕ್ಕು ಮಲಗಿದ ಚೀಲದವರಿಗೆ ಆ ವಾರ ಒಳ್ಳೆಯದಾಗುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಅಮ್ಮನೇ ಹಬ್ಬಿಸಿದ್ದು ಎಂದು ನನ್ನ ಗುಮಾನಿ.

ಒಂದು ಸಂಕ್ರಾಂತಿ ಕಳೆದ ಮೇಲೆ ನಮ್ಮ ಬೀದಿಯಲ್ಲಿ ಹುಚ್ಚುನಾಯಿಯೊಂದು ಕರುವನ್ನು ಕಚ್ಚಿತು. ಪಶು ಆಸ್ಪತ್ರೆಯವರು ಶಾಲೆಯ ಅಂಗಳದಲ್ಲಿ ನಾಯಿ ಬೆಕ್ಕುಗಳಿಗೆ ಪುಕ್ಕಟೆ ಲಸಿಕೆ ಎಂದು ಆಟೋದಲ್ಲಿ ಕೂಗಿಸಿದರು. ಅಮ್ಮ ಮಿಲ್ಲು ನಿಲ್ಲಿಸಿ ಹೊರಟರು. ಹಬ್ಬಕ್ಕೂ ಮಿಲ್ಲು ನಿಲ್ಲಿಸದವರು! ಸೂಜಿ ಎಂದರೆ ಅವರಿಗೆ ಅದೇನು ಭಕ್ತಿಯೋ. ಪೋಲಿಯೋ ಹನಿಯ ದಿನ ಬೀದಿಯ ಮಕ್ಕಳನ್ನೆಲ್ಲ ಕೋಳಿ ಅಟ್ಟಿದ ಹಾಗೆ ಅಟ್ಟಿಕೊಂಡು ಹೋಗುತ್ತಿದ್ದವರು ಅವರು. ಬಾಣಂತಿಯರು ಬೀಸಿಸಲು ಬಂದರೆ, "ಕೂಸ್ಗೆ ಸೂಜಿ ಹಾಕ್ಸುದ್ಯಾ?" ಎಂದು ಕೇಳದೆ ಹಿಟ್ಟು ಕೊಡುತ್ತಿರಲಿಲ್ಲ. ಆವತ್ತು ಬೆಕ್ಕನ್ನು ಮಂಕರಿಯಲ್ಲಿಟ್ಟು ಮೇಲೆ ಗೋಣಿ ಮುಚ್ಚಿ ಎಲ್ಲರಿಗಿಂತ ಮುಂದೆ ನಿಂತಿದ್ದರು. ಬೆನ್ನ ಮೇಲೆ, ಎರಡು ಭುಜಗಳ ನಡುವೆ ಸೂಜಿ ಚುಚ್ಚಿದರು. ಚುಚ್ಚಿದವರು, ಸಣ್ಣ ಗಂಟು ಬಂದರೆ ಬರಬಹುದು, ಕರಗುತ್ತದೆ, ಕರಗದೆ ದಪ್ಪವಾಗುತ್ತಾ ಹೋದರೆ ತಂದು ತೋರಿಸಿ ಎಂದು ಹೇಳಿದ್ದರು.

ಗಂಟು ಬಂತು. ಅವರೆಕಾಳಿನಷ್ಟು.

ಅಮ್ಮನಿಗೆ ಖುಷಿಯೋ ಖುಷಿ. ತಮ್ಮ ರವಿಕೆಯ ತೋಳು ಸರಿಸಿ, ಚಿಕ್ಕಂದಿನಲ್ಲಿ ಸಿಡುಬು ಬರದಿರಲೆಂದು ಹಾಕಿಸಿದ ದಾಕಿನ ದೊಡ್ಡ ಗುರುತನ್ನು ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. "ನೋಡು, ನಂಗೂ ಇಂಗೇ ಎದ್ದಿತ್ತು. ಎದ್ದುದ್ಕೇ ಬದ್ಕಿವ್ನಿ. ಗಂಟು ಕಟ್ತು ಅಂದ್ರೆ ಮದ್ದು ಇಡೀತು ಅಂತ ಕಣ." ಮಿಲ್ಲಿಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಬೆಕ್ಕಿನ ಬೆನ್ನು ಮುಟ್ಟಿ ಮುಟ್ಟಿ ನೋಡಿ, ಹೂಂ, ಇಡ್ದದೆ, ಇಡ್ದದೆ ಎಂದು ತಲೆಯಾಡಿಸಿದರು. ಸಂಜೆ ಮಿಲ್ಲು ನಿಲ್ಲಿಸಿದ ಮೇಲೆ ಅಮ್ಮ ಬಿಸಿ ತೌಡನ್ನು ಬಟ್ಟೆಯಲ್ಲಿ ಕಟ್ಟಿ ಆ ಗಂಟಿಗೆ ಕಾವು ಕೊಡುತ್ತಿದ್ದರು, ಎಳೆಗೂಸಿನ ತೊಡೆಗೆ ಕೊಡುತ್ತಾರಲ್ಲ, ಹಾಗೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಗುರುಗುಟ್ಟುತ್ತಿತ್ತು.

ಯುಗಾದಿ ಬಂತು, ಗಂಟು ಹೋಗಲಿಲ್ಲ. ಹೊಲಗಳಲ್ಲಿ ಸೂರ್ಯಕಾಂತಿ ಅರಳಿ, ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಕಾಲ ಬಂತು, ಆಗ ಅದು ನೆಲ್ಲಿಕಾಯಿಯಷ್ಟಾಗಿತ್ತು. ನನಗೆ ಬೆಕ್ಕೆಂದರೆ ಅಷ್ಟಕ್ಕಷ್ಟೆ. ಆದರೂ ಹೇಳಿದೆ, "ಅಮ್ಮಾ, ಅವ್ರು ದಪ್ಪ ಆದ್ರೆ ತತ್ತಾ ಅಂದಿದ್ರಲ್ಲ, ಒಂದ್ಸಲ ತೋರ್ಸನ." ನನ್ನ ಮೇಲೆಯೇ ಹರಿಹಾಯ್ದರು. "ನೀನ್ ಟಿಕೀಟ್ ಅರಿಯೋನು, ಸುಮ್ಕೆ ಟಿಕೀಟ್ ಅರಿ. ನಂಗ್ ಗೊತ್ತಿಲ್ವಾ ಮದ್ದು ಇಡ್ದಿರೋದು?" ಸಿಟ್ಟು ಬಂತು. ಎರಡು ದಿನ ಅವರ ಮುದ್ದೆ ಉಣ್ಣಲಿಲ್ಲ. ಮೂರನೇ ದಿನ ಅವರೇ ತಟ್ಟೆ ತಂದು ಬಾಗಿಲಲ್ಲಿ ಇಟ್ಟರು. ಮುಖ ಸಣ್ಣದಾಗಿತ್ತು. ಬೆಳಗ್ಗೆಯಿಂದ ಬೆಕ್ಕು ಚೀಲದ ಮೇಲೆ ಹಾರಲಿಲ್ಲ ಎಂದರು. ಹಾರಲು ನೋಡಿ, ಮುಂಗಾಲು ಎತ್ತಿ, ಹಾಗೇ ಕೆಳಗೆ ಕೂತುಬಿಟ್ಟಿತಂತೆ...

ಮಾರನೆಯ ದಿನವೇ ಚಾಮರಾಜನಗರಕ್ಕೆ ಹೊರಟೆವು, ನನ್ನ ಬಸ್ಸಿನಲ್ಲೇ. ಅಮ್ಮ ಮಂಕರಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅಷ್ಟರಲ್ಲಿ ಒಳಗಿನಿಂದ ಮಿಯಾಂ ಎಂದಿತು. ನಮ್ಮ ಡ್ರೈವರು ಕೈಯಲ್ಲಿದ್ದ ಬೀಡಿ ಎಸೆದು, ಬೆಕ್ಕು ಇದ್ದರೆ ನಾನು ಗಾಡಿ ತೆಗೆಯುವುದಿಲ್ಲ ಎಂದು ಕೂತುಬಿಟ್ಟ. ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸಿ ಉಗಿದು ಹೋಗುವ ಮನುಷ್ಯ ಅವನು. ಅಮ್ಮ ಕೂತಲ್ಲಿಂದಲೇ ಕೇಳಿದರು, "ಅಡ್ಡ ಬಂದ್ರೆ ತಾನೇ ಕಣಪ್ಪ ಅಪಶಕುನ? ಇದು ಅಡ್ಡ ಬಂದಿಲ್ವಲ್ಲ, ನಿನ್ ಜೊತೇಲಿ ಬತ್ತಾ ಅದೆ." ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರು ಏನೂ ತೋಚದೆ ಗಾಡಿ ತೆಗೆದ. ತೆರಕಣಾಂಬಿ ದಾಟುವ ತನಕ ಕನ್ನಡಿಯಲ್ಲಿ ಆ ಮಂಕರಿಯನ್ನೇ ನೋಡುತ್ತಿದ್ದ.

ಅಲ್ಲಿನ ಡಾಕ್ಟರು ವಯಸ್ಸಿನ ಹೆಣ್ಣುಮಗಳು, ಸೌಮ್ಯ ಮಾತು. ಗಂಟಿನ ಸುತ್ತ ಬೆರಳಾಡಿಸಿ, ಆಚೆ ಈಚೆ ಸರಿಯುತ್ತದೋ ನೋಡಿದರು. ಸರಿಯಲಿಲ್ಲ. ಇದು ಕೆಟ್ಟ ಗೆಡ್ಡೆ ಇದ್ದ ಹಾಗಿದೆ, ಒಳಗೆ ಬೇರು ಬಿಟ್ಟಿರುತ್ತದೆ, ಅಗಲವಾಗಿ ಕೊಯ್ದು ತೆಗೆಯಬೇಕು, ತೆಗೆದರೂ ಮತ್ತೆ ಬರಬಹುದು ಎಂದರು. ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಸೂಜಿ ಹಾಕ್ಸದೆ ಇದ್ದಿದ್ರೆ ಇದು ಬತ್ತಿರ್ಲಿಲ್ವಾ ಅವ್ವ?"

ಡಾಕ್ಟರು ಬೆಕ್ಕನ್ನು ಮಂಕರಿಗೆ ಇಳಿಸಿದರು. ಬರದೆ ಇರಬಹುದಿತ್ತು ಎಂದರು. ಎಷ್ಟೋ ಸಾವಿರ ಬೆಕ್ಕುಗಳಲ್ಲಿ ಯಾವುದೋ ಒಂದಕ್ಕೆ ಹೀಗಾಗುತ್ತದೆ, ಯಾವುದಕ್ಕೆ ಎಂದು ಮೊದಲೇ ಹೇಳಲು ಬರುವುದಿಲ್ಲ, ಆದರೆ ಹುಚ್ಚುನಾಯಿಯ ರೋಗ ಹತ್ತಿದರೆ ಒಂದೂ ಉಳಿಯುವುದಿಲ್ಲ, ಮುಟ್ಟಿದ ಮನುಷ್ಯರಿಗೂ ಅಪಾಯ ಎಂದರು. ಮುಂದೆ ಯಾವುದಾದರೂ ಬೆಕ್ಕಿಗೆ ಹಾಕಿಸಿದರೆ ಬೆನ್ನಿಗೆ ಬೇಡ, ಹಿಂಗಾಲಿನ ಕೆಳಭಾಗಕ್ಕೆ ಹಾಕಿಸಿ, ಇಂಥದ್ದು ಬಂದರೆ ಕಾಲು ತೆಗೆದಾದರೂ ಜೀವ ಉಳಿಸಬಹುದು ಎಂದೂ ಹೇಳಿದರು. ಅಮ್ಮನಿಗೆ ಆ ಮಾತು ಹಿಡಿಸಲಿಲ್ಲ. ಬಸ್ಸು ಹತ್ತುವ ತನಕ ಗೊಣಗುತ್ತಿದ್ದರು, "ಕಾಲ್ ತಗಿಯೋ ಯೋಚ್ನೆ ಮೊದ್ಲೇ ಮಾಡ್ಕಂಡಿರ್ತಾರಲ್ಲ ಇವ್ರು! ಎದೆ ಎಂಗ್ ಬತ್ತದೆ?"

ವಾಪಸ್ ಬರುವಾಗ ಮಧ್ಯಾಹ್ನದ ಬಸ್ಸು ಹೆಚ್ಚೂಕಡಿಮೆ ಖಾಲಿ. ಟಿಕೆಟ್ ಕೊಟ್ಟು ಮುಗಿಸಿ ಅವರ ಪಕ್ಕ ಕೂತೆ. ಅವರು ಗೋಣಿಯೊಳಗೆ ಕೈ ಬಿಟ್ಟು ಬೆಕ್ಕಿನ ಬೆನ್ನು ಸವರುತ್ತಿದ್ದರು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು, "ನಂಗೂ ಒಂದು ಎಣ್ಕೂಸಿತ್ತು ಮಗ."

ನಾನು ಅವರ ಕಡೆ ತಿರುಗಿದೆ.

ಆಗ ಅವರು ಭೀಮನಬೀಡಿನಲ್ಲಿ ಗಂಡನ ಮನೆಯಲ್ಲಿದ್ದರಂತೆ. ನರ್ಸಮ್ಮ ನಡೆದುಕೊಂಡು ಊರಿಗೆ ಬಂದು ಮಕ್ಕಳಿಗೆ ಸೂಜಿ ಹಾಕುತ್ತಿದ್ದ ಕಾಲ. ಪಕ್ಕದ ಮನೆಯ ಮಗುವಿಗೆ ಸೂಜಿ ಹಾಕಿದ ಕಡೆ ತೊಡೆಯಲ್ಲಿ ಗಂಟು ಕಟ್ಟಿ, ಮಗು ಅತ್ತೂ ಅತ್ತೂ ಸುಸ್ತಾಗಿತ್ತು. ಅದನ್ನು ನೋಡಿ ಇವರಿಗೆ ಜೀವ ಹಾರಿತು. ನರ್ಸಮ್ಮ ಬಾಗಿಲಿಗೆ ಬಂದಾಗ ಮಗುವನ್ನು ಎತ್ತಿಕೊಂಡು ಒಳಮನೆಯಲ್ಲಿ ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ, ಕತ್ತಲಲ್ಲಿ, ಮಗುವಿನ ಬಾಯಿಗೆ ಸೆರಗು ಒತ್ತಿ ಕೂತಿದ್ದರಂತೆ. ನರ್ಸಮ್ಮ ಕೂಗಿ ಕೂಗಿ ಹೊರಟುಹೋದಳು. ಪಕ್ಕದ ಮನೆಯ ಮಗುವಿನ ಗಂಟು ಕೆಲವು ದಿನಗಳಲ್ಲಿ ಕರಗಿತು. ಇವರ ಮಗುವಿಗೆ ಆ ವರ್ಷವೇ, ಅದೇ ಸೂಜಿ ತಡೆಯುವ ಗಂಟಲಮಾರಿ ಬಂತು... ಮೈಸೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಉಸಿರು ನಿಂತಿತ್ತು.

"ಒಂದು ಗಂಟ್ಗೆ ಎದ್ರುದೆ ಕಣ ಮಗ. ಕರ್ಗೋಗೋ ಗಂಟ್ಗೆ. ಆಮ್ಯಾಕೆ ಎಲ್ಲಿ ಗಂಟು ಕಂಡ್ರೂ, ಅಯ್ಯೋ, ಇವ್ರು ಉಳ್ಕತಾರೆ ಬುಡು ಅನ್ಸೋದು. ಈಗ್ ನೋಡು..."

ದಾರಿಯಲ್ಲಿ ಯಾರೋ ಬಸ್ಸಿಗೆ ಕೈ ತೋರಿಸಿದರು, ಎದ್ದು ಹೋಗಿ ಬಾಗಿಲು ತೆಗೆದೆ.

ಆಪರೇಶನ್ ಆಯಿತು. ಬೋಳಿಸಿದ ಬೆನ್ನಿನ ಮೇಲೆ ಉದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬೆಕ್ಕು ಮಿಲ್ಲಿಗೆ ಮರಳಿತು. ಹೆಂಗಸರು ಅದಕ್ಕಾಗಿ ಒಂದು ಚೀಲವನ್ನು ನೆಲದ ಮೇಲೆ ಅಡ್ಡ ಮಲಗಿಸಿ ಇಡುತ್ತಿದ್ದರು, ಹಾರುವ ಕಷ್ಟ ಬೇಡವೆಂದು. ಕೂದಲು ಬಂತು, ಒಂದು ಸೂಲು ಮರಿಯನ್ನೂ ಹಾಕಿತು. ಒಂದೇ ಒಂದು ಮರಿ ಉಳಿಯಿತು. ನಾವೆಲ್ಲ ಗೆದ್ದೆವು ಎಂದುಕೊಂಡೆವು. ಗಂಟು ಮತ್ತೆ ಬಂತು. ಈ ಸಲ ಕಾಳು, ಕಾಯಿ ಎನ್ನಲು ಪುರಸೊತ್ತೇ ಕೊಡಲಿಲ್ಲ. ಅವರೆ ಹೊಲಗಳಲ್ಲಿ ಸೊಗಡು ಏಳುವ ಹೊತ್ತಿಗೆ ಬೆಕ್ಕು ಅಮ್ಮನ ಮಡಿಲಲ್ಲೇ ಹೋಯಿತು. ಮಿಲ್ಲಿನ ಹಿಂದಿನ ನುಗ್ಗೆ ಮರದ ಬುಡದಲ್ಲಿ ಗುಂಡಿ ತೋಡಿದವನು ನಾನೇ. ಅಷ್ಟಕ್ಕಷ್ಟೆ ಎಂದಿದ್ದೆನಲ್ಲ ಬೆಕ್ಕೆಂದರೆ... ಮಣ್ಣು ಎಳೆದು ಮುಗಿದ ಮೇಲೂ ಅಲ್ಲೇ ಕೂತಿದ್ದೆ.

ಬೀದಿಯ ಬಾಯಿ ಸುಮ್ಮನಿರುತ್ತದೆಯೇ? ಆ ಗಂಟನ್ನು ಎಲ್ಲರೂ ತಮ್ಮ ಕೈಯಾರೆ ಮುಟ್ಟಿದವರು. ಸೂಜಿ ಹಾಕಿಸಿದ್ದಕ್ಕೇ ಬೆಕ್ಕು ಸತ್ತದ್ದು ಎನ್ನುವುದು ಮಿಲ್ಲಿನ ಸಾಲಿನಲ್ಲೇ ಹುಟ್ಟಿ, ಹಿಟ್ಟಿನ ಚೀಲಗಳ ಜೊತೆ ಮನೆಮನೆಗೆ ಹೋಯಿತು. ಮುಂದಿನ ಸಲ ಪಶು ಆಸ್ಪತ್ರೆಯವರು ಬಂದಾಗ ಶಾಲೆಯ ಅಂಗಳ ಖಾಲಿ. ಅಷ್ಟೇ ಆಗಿದ್ದರೆ ಇರಲಿ. ಆವತ್ತೇ ಒಬ್ಬ ಬಾಣಂತಿ ಮಿಲ್ಲಿಗೆ ಬಂದವಳು, ಸೂಜಿ ಹಾಕಿಸಲು ಅಂಗನವಾಡಿಗೆ ಮಗುವನ್ನೂ ಕರೆದುಕೊಂಡು ಹೋಗುವುದಿಲ್ಲ, ಬೆಕ್ಕಿಗೆ ಬಂದದ್ದು ಕೂಸಿಗೆ ಬರುವುದಿಲ್ಲವೇ ಎಂದಳು. ಅಮ್ಮ ಚಾಲೂ ಇದ್ದ ಮಿಲ್ಲನ್ನು ಥಟ್ಟನೆ ನಿಲ್ಲಿಸಿದರು. ಅವಳ ರಾಗಿ ಅರ್ಧ ಹಿಟ್ಟು ಅರ್ಧ ಕಾಳಾಗಿ ಹಾಗೇ ನಿಂತಿತು.

ಒಳಗೆ ಹೋಗಿ ಆ ಮರಿಯನ್ನು ಎತ್ತಿಕೊಂಡು ಬಂದು, ಬಾಣಂತಿಯ ರಟ್ಟೆ ಹಿಡಿದು ಶಾಲೆಯ ಕಡೆ ನಡೆದೇಬಿಟ್ಟರು. ಸಾಲಿನಲ್ಲಿದ್ದ ಹೆಂಗಸರೂ ಏನಾಗುತ್ತದೋ ನೋಡೋಣವೆಂದು ಹಿಂದೆ ಬಂದರು. ನಾನು ಆವತ್ತು ರಜೆಯಲ್ಲಿದ್ದೆ, ನಾನೂ ಹೋದೆ. ಲಸಿಕೆ ಹಾಕುವವನು ಸಿರಿಂಜು ತೆಗೆದಾಗ ಅಮ್ಮ ಮರಿಯನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು, ಮರಿಯನ್ನು ಹಿಡಿದುಕೊಳ್ಳಲು ನಾನು ಕೈಯೊಡ್ಡಿದೆ. ಅವರು ಕೊಡಲಿಲ್ಲ.

ಬಾಣಂತಿ ಮೆಲ್ಲಗೆ, "ನಿಮ್ಗೇ ಎದ್ರುಕೆ ಆಯ್ತಾ ಅದಲ್ಲ ಅಮ್ಮಾರೇ" ಎಂದಳು.

"ಆಯ್ತದೆ ಕಣವ್ವ. ಸುಳ್ಯಾಕೇಳ್ಲಿ, ಪ್ರಾಣ ಓದಂಗಾಯ್ತದೆ. ಆದ್ರೆ ಎದ್ರುಕಂಡು ವಾಡೆ ಇಂದೆ ಕೂತಿದ್ದೋಳು ನಾನು. ನನ್ ಕೂಸು ಮಣ್ಣಲ್ಲಿ ಅದೆ. ನೀ ಓಗಿ ನಿನ್ ಕೂಸ್ನ ತತ್ತಾ."

ಆ ಮಗುವಿನ ವಿಷಯ ಗುಂಡ್ಲುಪೇಟೆಯಲ್ಲಿ ಅವರು ನಾಲ್ಕು ಜನರ ಮುಂದೆ ಹೇಳಿದ್ದು ಅದೇ ಮೊದಲು. ಬಾಣಂತಿ ಅವರ ಮುಖವನ್ನೇ ನೋಡುತ್ತಾ ನಿಂತಿದ್ದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಯ ಕಡೆ ಹೋದಳು. ಅಮ್ಮ ಲಸಿಕೆಯವನ ಕಡೆ ತಿರುಗಿ, "ಕಾಲ್ಗೆ ಹಾಕಪ್ಪ. ಬೆನ್ಗೆ ಬ್ಯಾಡ" ಎಂದು ಮರಿಯ ಹಿಂಗಾಲು ಹಿಡಿದುಕೊಟ್ಟರು. ಚುಚ್ಚುವಾಗ ಕಣ್ಣು ಮುಚ್ಚಿಕೊಂಡಿದ್ದರು. ಸಂಜೆ ಬಾಣಂತಿ ಮಗುವನ್ನು ಎತ್ತಿಕೊಂಡೇ ಹಿಟ್ಟಿಗೆ ಬಂದಳು. ಮಗುವಿನ ತೊಡೆಯಲ್ಲಿ ಹತ್ತಿಯ ಚೂರು ಅಂಟಿತ್ತು.

ಅದಾಗಿ ಕೆಲವೇ ದಿನಕ್ಕೆ ನನಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು. ಹೊರಡುವ ಬೆಳಗ್ಗೆ ಟ್ರಂಕು ಎತ್ತಿಕೊಂಡು ನಿಂತಾಗ ಅಮ್ಮ ಮರಿಯನ್ನು ತಂದು, "ಇಲ್ಲಿ ವಸಿ ಮುಟ್ ನೋಡು ಮಗ" ಎಂದರು. ಮುಟ್ಟಿದೆ. ಹಿಂಗಾಲಿನಲ್ಲಿ, ಕೂದಲಿನ ಅಡಿಯಲ್ಲಿ, ಅವರೆಕಾಳಿನಷ್ಟು ಗಂಟು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಾವು ಕೊಡಬೇಡಿ, ಸುಮ್ಮನೆ ಮುಟ್ಟಿ ನೋಡುತ್ತಿರಿ, ದಪ್ಪವಾದರೆ ತಡ ಮಾಡಬೇಡಿ ಎಂದೆ. "ನೋಡ್ಕತೀನಿ ಬುಡು. ನಿಂಗೆ ಬಸ್ಸೊಯ್ತದೆ, ಓಗು" ಎಂದರು. ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಸವರಿದರು.

ಕೊಳ್ಳೇಗಾಲ, ಆಮೇಲೆ ಮದುವೆ, ಮಗಳು, ಇನ್ನೊಂದು ವರ್ಗ... ಬದುಕು ಹೀಗೇ ಎಳೆದುಕೊಂಡು ಹೋಗುತ್ತದೆ. ಗುಂಡ್ಲುಪೇಟೆಯ ಕಡೆಯ ಡ್ರೈವರು ಸಿಕ್ಕರೆ, ಮಿಲ್ಲಿನ ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ಇದ್ದಾರೆ ಎನ್ನುತ್ತಿದ್ದರು. ಒಂದು ಸಲ ಮಾತ್ರ ಒಬ್ಬ, "ಅಯ್ಯೋ, ಅವ್ರು ಓಗಿ ಆಗ್ಲೇ ವರ್ಸ ಆಯ್ತಲ್ಲ" ಎಂದ. ರಜೆ ಹಾಕಿ ಹೋದೆ. ಮಿಲ್ಲು ಇದ್ದ ಕಡೆ ಟೈರಿನ ಅಂಗಡಿ. ಅಂಗಡಿಯವನಿಗೆ ಬೆಕ್ಕಿನ ವಿಷಯ ಏನೂ ಗೊತ್ತಿರಲಿಲ್ಲ. ಹಳೆಯ ಬೀದಿಯವರಲ್ಲೂ ಒಬ್ಬರು ಅದು ಎಲ್ಲೋ ಹೋಯಿತು ಎಂದರು, ಇನ್ನೊಬ್ಬರು ಬೆಕ್ಕೆಲ್ಲಿತ್ತು ಎಂದರು. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆ.

ಹೋದ ವರ್ಷ ನನ್ನ ಮಗಳು ರಸ್ತೆಯಲ್ಲಿ ಸಿಕ್ಕ ಒಂದು ಬೆಕ್ಕಿನ ಮರಿಯನ್ನು ಮನೆಗೆ ತಂದಳು. ಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿದೆ, ಹಿಂಗಾಲಿಗೆ. ಗಂಟು ಕಟ್ಟಿತು. ದಿನಾ ಬೆಳಗ್ಗೆ ಹಾಲು ಹಾಕುವಾಗ ಮುಟ್ಟಿ ನೋಡುತ್ತಿದ್ದೆ. ಮಗಳಿಗೆ ಕಾಣದ ಹಾಗೆ ಒಳಗೊಳಗೇ ಹೆದರುತ್ತಿದ್ದೆ. ಅವರೆಕಾಳಿನಷ್ಟಿದ್ದದ್ದು ಹುರುಳಿಕಾಳಿನಷ್ಟಾಯಿತು, ರಾಗಿಕಾಳಿನಷ್ಟಾಯಿತು, ಒಂದು ದಿನ ಬೆರಳಿಗೆ ಏನೂ ಸಿಗಲಿಲ್ಲ. ಇನ್ನೊಂದು ಕಾಲೇ ಇರಬೇಕು ಎಂದು ಅದನ್ನೂ ಹುಡುಕಿದೆ. ಎಲ್ಲೂ ಇರಲಿಲ್ಲ.

ಎದ್ದು ಅಂಗಿ ಹಾಕಿಕೊಂಡೆ. ನಿಜ ಹೇಳುತ್ತೇನೆ, ಬಸ್‌ಸ್ಟ್ಯಾಂಡಿಗೆ ಹೋಗಿ ಗುಂಡ್ಲುಪೇಟೆಯ ಬಸ್ಸು ಹತ್ತುವವನ ಹಾಗೆ ಬಾಗಿಲ ತನಕ ಬಂದೆ. ಅಮ್ಮಾ, ಕರಗೋಯ್ತು ಎಂದು ಹೇಳಬೇಕಿತ್ತು. ನಿಮ್ಮ ಮರಿಯದು ಏನಾಯಿತು ಎಂದು ಕೇಳಬೇಕಿತ್ತು. ಚಪ್ಪಲಿ ಮೆಟ್ಟಿದ ಮೇಲೆ, ಹೇಳುವುದಕ್ಕೂ ಕೇಳುವುದಕ್ಕೂ ಅಲ್ಲಿ ಯಾರೂ ಇಲ್ಲ ಎನ್ನುವುದು ನೆನಪಾಯಿತು.